ಮೂರು, ನಾಲ್ಕು, ಮತ್ತೆ ಮೂರು

"ಈಗ ನೋಡು... ಈಗ! ಗೊತ್ತಾಯ್ತಾ?"

ಮೇಲ್ಸೇತುವೆಯ ಏರಿನ ನಡುವೆ ಖಾಲಿ ಬಸ್ಸು ಮುಗ್ಗರಿಸಿತು. ನಾಲ್ಕನೆಯ ಗೇರಿಗೆ ಏರಿದ್ದು ಮೂರಕ್ಕೆ ಇಳಿದು, ಉಸಿರು ಬಿಡುವಷ್ಟರಲ್ಲಿ ಮತ್ತೆ ನಾಲ್ಕಕ್ಕೆ ಹಾರಿತು. ಡ್ರೈವರ್ ಸೀಟಿನ ಹಿಂದೆ ಕಂಬಿ ಹಿಡಿದು ನಿಂತಿದ್ದ ತಂಗಿ ತನ್ನ ಅಂಗೈಯತ್ತ ಕಣ್ಣು ಹಾಯಿಸಿದಳು. ಅವಳ ಕೈಯಲ್ಲಿ, ಬಸ್ಸಿನ ಕಂಪ್ಯೂಟರಿಗೆ ವೈರು ಜೋಡಿಸಿದ ಪುಟ್ಟ ಪರದೆಯಿತ್ತು.

"ಬಾಯಿ ಬಿಡೇ. ಇದೇನು ಆಟೊಮ್ಯಾಟಿಕ್ ಗೇರ್‌ಬಾಕ್ಸಾ, ಕುಂಟು ಕುದುರೆಯಾ?" ಎಂದ, ಬಸ್ಸು ಓಡಿಸುತ್ತಿದ್ದ ಅಣ್ಣ.

ಆ ಗೇರ್‌ಬಾಕ್ಸನ್ನು ಹೋದ ತಿಂಗಳು ಬಿಚ್ಚಿ ಜೋಡಿಸಿದವಳು ಅವಳೇ. ಡಿಪೋದ ವರ್ಕ್‌ಶಾಪಿನಲ್ಲಿ ಆ ಕೆಲಸ ಬಲ್ಲವರು ಮೇಸ್ತ್ರಿ ಮತ್ತು ಅವಳು, ಇಬ್ಬರೇ. ಮೇಸ್ತ್ರಿ ಕೈ ಹಾಕದೆ ಅವಳೊಬ್ಬಳೇ ಮುಗಿಸಿದ ಮೊದಲ ಗೇರ್ ಪೆಟ್ಟಿಗೆ ಅದು. ಅದನ್ನು ಕೂರಿಸಿದ ಬಸ್ಸು ಅಣ್ಣನ ಪಾಲಿಗೇ ಬಂದಾಗ ಹಿಗ್ಗಿ ಹೀರೆಕಾಯಿಯಾಗಿದ್ದಳು. ವಾರ ಕಳೆಯುವುದರೊಳಗೆ ಅವನೇ ದೂರು ಹೊತ್ತು ಬಂದ. ಎಣ್ಣೆ ಬದಲಿಸಿದಳು, ಫಿಲ್ಟರ್ ಬದಲಿಸಿದಳು, ಆಕ್ಸಿಲರೇಟರ್ ಪೆಡಲಿನ ಸೆನ್ಸರನ್ನೂ ಹೊಸದು ಹಾಕಿದಳು. ಅವನು ಮತ್ತೆ ಬಂದ. "ಅಣ್ಣನಿಗೆ ತಂಗಿ ತೊಟ್ಟಿಲು ಕಟ್ಟಿಕೊಟ್ಟಿದಾಳೆ" ಎಂದು ಕ್ಯಾಂಟೀನಿನಲ್ಲಿ ಯಾರೋ ನಕ್ಕದ್ದು ಕಿವಿಗೆ ಬಿತ್ತು.

ದೂರನ್ನು ಯಾರೂ ಅನುಮಾನಿಸುವಂತಿರಲಿಲ್ಲ. ಅಣ್ಣನಿಗೆ ಡಿಪೋದಲ್ಲಿ 'ಬೆಣ್ಣೆ' ಎಂದೇ ಹೆಸರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಸ್ಸು ನಿಲ್ಲಿಸುತ್ತಾನೆ, ಅವನ ಗಾಡಿಯಲ್ಲಿ ಮಲಗಿದ ಮಗು ಏಳುವುದಿಲ್ಲ ಎನ್ನುತ್ತಿದ್ದರು.

"ಏಳು, ನಾನು ಓಡಿಸ್ತೀನಿ," ಎಂದಳು ತಂಗಿ. ಪರೀಕ್ಷೆಗೆ ಗಾಡಿ ಓಡಿಸಲು ಅವಳಿಗೂ ಲೈಸೆನ್ಸ್ ಇತ್ತು. ಸೇತುವೆ ಇಳಿದು, ಕೆಳಗೆ ತಿರುಗಿಸಿ, ಅದೇ ಏರನ್ನು ಮತ್ತೆ ಹತ್ತಿಸಿದಳು. ಬಸ್ಸು ನೀರಿನ ಮೇಲೆ ಹೋದಂತೆ ಹೋಯಿತು.

"ನೋಡ್ದ್ಯಾ, ಕೂಸು ಅಮ್ಮನ್ನ ಕಂಡ ಕೂಡ್ಲೆ ಅಳು ನಿಲ್ಸಿಬಿಡ್ತು," ಎಂದು ಅಣ್ಣ ನಗಲು ನೋಡಿದ. ನಗು ಪೂರ್ತಿಯಾಗಲಿಲ್ಲ.

ಮತ್ತೆ ಅವನು ಕೂತ. ಅವಳು ಈ ಸಲ ಪರದೆಯಿಂದ ಕಣ್ಣು ಕೀಳಲಿಲ್ಲ. ಪೆಡಲನ್ನು ಎಷ್ಟು ಒತ್ತಲಾಗಿದೆ ಎಂದು ತೋರಿಸುವ ಗೆರೆ, ಅವಳು ಓಡಿಸಿದಾಗ ನೇರವಾಗಿದ್ದದ್ದು, ಗರಗಸದ ಹಲ್ಲಿನಂತೆ ಏರಿಳಿಯತೊಡಗಿತು. ಹೊಸ ಸೆನ್ಸರೂ ಹೋಯಿತೇ? ವೈರು ಸಡಿಲವಾಗಿದೆಯೇನೋ ಎಂದು ಬಗ್ಗಿ ಪೆಡಲಿನತ್ತ ನೋಡಿದಳು.

ವೈರು ಗಟ್ಟಿಯಾಗಿತ್ತು. ಅಣ್ಣನ ಬೂಟು, ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ, ಸಣ್ಣಗೆ ಅದುರುತ್ತಿತ್ತು. ಒತ್ತು, ಬಿಡು, ಒತ್ತು, ಬಿಡು. ಪಾಪ, ಗೇರ್‌ಬಾಕ್ಸು ಅವನ ಕಾಲು ಹೇಳಿದ್ದನ್ನು ಹೇಳಿದ ಹಾಗೆ ಕೇಳುತ್ತಿತ್ತು.

"ಅಣ್ಣಾ, ಬದಿಗೆ ಹಾಕು."

"ಸಿಕ್ತಾ?"

"ಹಾಕು ಅಂದ್ನಲ್ಲ."

ಸೇತುವೆ ಇಳಿದ ಮೇಲೆ ಬಸ್ಸು ನಿಂತಿತು. ಪಕ್ಕದಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತ ಸಾಗಿದವು.

"ಕಾಲು ಯಾವಾಗ್ನಿಂದ ಹೀಗಿದೆ?"

"ಯಾವ ಕಾಲು?" ಎಂದವನು ತೊಡೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದ. ನಡುಕ ನಿಂತಿತು. ಸ್ವಲ್ಪ ಹೊತ್ತಿಗೆ ಕೈಯ ಅಡಿಯಿಂದಲೇ ಮತ್ತೆ ಶುರುವಾಯಿತು.

"ಪೆಟ್ಟಿಗೆ ಇಳ್ಸಿ ನೋಡು ಪುಟ್ಟಿ," ಎಂದ, ಎದುರಿನ ಗಾಜನ್ನೇ ನೋಡುತ್ತ. "ಒಂದೇ ಒಂದ್ಸಲ. ಒಳಗೆ ಏನಾದ್ರೂ ಇದ್ದೇ ಇರುತ್ತೆ."

"ಇಲ್ಲ."

"ಬಿಚ್ದೆ ಹೇಗೆ ಹೇಳ್ತೀಯ?"

"ನಾನೇ ಜೋಡ್ಸಿದ್ದು."

ಇಷ್ಟು ದಿನ ಎಲ್ಲರೆದುರು ಎದೆ ತಟ್ಟಿ ಹೇಳಬೇಕೆಂದಿದ್ದ ಮಾತು. ಈಗ ಬಾಯಿಂದ ಬಿದ್ದಾಗ ಅದಕ್ಕೆ ರುಚಿಯೇ ಇರಲಿಲ್ಲ.

"ನಿಮ್ಮತ್ತಿಗೆಗೂ ಹೇಳಿಲ್ಲ," ಎಂದ ಅಣ್ಣ. "ಮೊದಲು ಮಲ್ಗಿದ್ದಾಗ ಬರ್ತಿತ್ತು. ಚಳಿ ಅಂದ್ಕೊಂಡೆ. ಆಮೇಲೆ ಗಾಡೀದೇ ಅಂದ್ಕೊಂಡೆ. ಹಾಗಂದ್ಕೊಳ್ಳೋದು ಸುಲಭ ಇತ್ತು."

"ನಿನಗೆ ಸುಲಭ. ನನ್ನ ಮೋರೆಗೆ ಮಸಿ ಬಳೀತಾ ಇದ್ದೆಯಲ್ಲ, ಅದು?"

ಅವನು ತೊಡೆಯನ್ನು ಇನ್ನೂ ಗಟ್ಟಿಯಾಗಿ ಒತ್ತಿದ.

"ಅಷ್ಟು ಜನರನ್ನ ತುಂಬ್ಕೊಂಡು ಹೋಗ್ತೀಯಲ್ಲ ಅಣ್ಣಾ!"

"ಬ್ರೇಕ್ ಮೇಲೆ ಇಟ್ರೆ ನಡುಗಲ್ಲ ಕಣೆ."

"ಇವತ್ತು ನಡುಗಲ್ಲ."

ಆ ಮಾತಿಗೆ ಅವನು ತಿರುಗಿ ಅವಳ ಮುಖ ನೋಡಿದ. ನಂತರ ಹ್ಯಾಂಡ್‌ಬ್ರೇಕ್ ಎಳೆದು, ಸೀಟಿನಿಂದ ತಾನಾಗಿಯೇ ಎದ್ದು, ಹಿಂದೆ ಹೋಗಿ ಕಿಟಕಿಯ ಪಕ್ಕ ಪ್ರಯಾಣಿಕನಂತೆ ಕೂತ. ಕನ್ನಡಿಯಲ್ಲಿ ಅವನು ಬಹಳ ದೂರದಲ್ಲಿದ್ದಂತೆ ಕಂಡ.

ಡಿಪೋದ ದಾರಿಯುದ್ದಕ್ಕೂ ಸ್ಟಿಯರಿಂಗ್ ಹಿಡಿದ ಅವಳ ಮನಸ್ಸು ತಕ್ಕಡಿಯಂತೆ ಓಲಾಡಿತು. ಪೆಟ್ಟಿಗೆ ಇಳಿಸೋಣ ಎಂದು ಮೇಸ್ತ್ರಿಗೆ ಹೇಳಿದರೆ ಒಂದು ವಾರ ಬಸ್ಸು ವರ್ಕ್‌ಶಾಪಿನೊಳಗೇ ಇರುತ್ತದೆ, ಕಾಲಿನ ಮಾತು ಎತ್ತಬೇಕಿಲ್ಲ. ಒಂದು ವಾರದಲ್ಲಿ ಅಣ್ಣ ಡಾಕ್ಟರನ್ನು ನೋಡಬಹುದು, ನಡುಕ ಮಾತ್ರೆಗೆ ಇಳಿಯಲೂಬಹುದು. ಆದರೆ ಆ ವಾರ ಅವನಿಗೆ ಬೇರೆ ಬಸ್ಸು ಕೊಡುತ್ತಾರೆ. ಅದರ ತುಂಬ ಜನ ಇರುತ್ತಾರೆ.

ಗೇಟಿನೊಳಗೆ ಬರುತ್ತಲೇ ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸುತ್ತ ಎದುರಾದ. "ಏನಮ್ಮಾ, ಇಳಿಸೋದೇನಾ?"

ಅವಳು ಎಂಜಿನ್ ಆರಿಸಿ ತಿರುಗಿದಳು. ಬಾಗಿಲ ಮೆಟ್ಟಿಲ ಮೇಲೆ ಅಣ್ಣ ನಿಂತಿದ್ದ.

"ಪೆಟ್ಟಿಗೆ ಬಂಗಾರದ ಹಾಗಿದೆ ಮೇಸ್ತ್ರಿ. ನನ್ನ ತಂಗಿ ಜೋಡ್ಸಿದ್ದು. ಕೆಟ್ಟಿರೋದು ನಾನು."

ಮೇಸ್ತ್ರಿ ತಮಾಷೆಯೆಂದು ನಕ್ಕ. ಇವರಿಬ್ಬರೂ ನಗದ್ದನ್ನು ಕಂಡು ಅವನ ನಗು ಅರ್ಧಕ್ಕೇ ನಿಂತಿತು.

ಮಧ್ಯಾಹ್ನ ಅವಳು ರಜೆ ಹಾಕಿ, ತನ್ನ ಸ್ಕೂಟರಿನ ಹಿಂದೆ ಅಣ್ಣನನ್ನು ಕೂರಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದಳು. "ನಿಧಾನ... ಎಡಕ್ಕೆ ನೋಡು..." ಎಂದು ಅವನು ಹಿಂದಿನಿಂದ ಓಡಿಸುತ್ತಲೇ ಇದ್ದ. ದೊಡ್ಡ ಸಿಗ್ನಲ್ ಬಂದಾಗ ಸುಮ್ಮನಾದ. ವಾಹನಗಳೆಲ್ಲ ನಿಂತು ರಸ್ತೆ ತಣ್ಣಗಾಯಿತು. ಕಾಲಿಡುವ ತಗಡಿನ ಮೇಲೆ ಅವನ ಬೂಟು ಟಕಟಕ ಬಡಿಯುವುದು ಕೇಳತೊಡಗಿತು.

ಅವಳು ತಿರುಗಲಿಲ್ಲ. ಬ್ರೇಕ್ ಹಿಡಿದುಕೊಂಡೇ, ಬೇರೇನೂ ಕೇಳಿಸದಷ್ಟು ಎಂಜಿನ್ನನ್ನು ಗುರ್ ಗುರ್ ಎನ್ನಿಸಿದಳು. ಇವಳಿಗೇನು ಇಷ್ಟು ಅವಸರ ಎಂಬಂತೆ ಪಕ್ಕದ ಕಾರಿನವನು ಗಾಜು ಇಳಿಸಿ ನೋಡಿದ. ದೀಪ ಇನ್ನೂ ಕೆಂಪಗೇ ಇತ್ತು.