ಗರಿ ಎಣಿಸುವ ಕ್ಯಾಮೆರಾ

ತಿಪಟೂರಿನ ಸ್ಟುಡಿಯೋದ ಶ್ರೀರಂಗಯ್ಯ ಎರಡು ಫೋಟೊಗಳನ್ನೂ ಮೇಜಿನ ಗಾಜಿನ ಮೇಲೆ ಪಕ್ಕಪಕ್ಕ ಇಟ್ಟು, ಭೂತಗನ್ನಡಿ ಹಿಡಿದು ಬಗ್ಗಿದ. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ತೋಂಟದಾರ್ಯ ಅವನ ಮುಖವನ್ನೇ ನೋಡುತ್ತಿದ್ದ. ಎರಡೂ ಫೋಟೊದಲ್ಲಿ ಇದ್ದವಳು ತೋಂಟದಾರ್ಯನ ಹೆಂಡತಿ ಗಿರಿಜಾಂಬಿಕಾ. ಒಂದು ಬಣ್ಣದ್ದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇನ್ನೊಂದು ಕಪ್ಪು ಬಿಳುಪಿನದು.

"ಇದ್ರಲ್ಲಿ ಅಮ್ಮಾವ್ರು ಅವ್ರೆ, ಮುಖ ಇಲ್ಲ," ಎಂದ ಶ್ರೀರಂಗಯ್ಯ ಬಣ್ಣದ್ದನ್ನು ತೋರಿಸಿ. "ಇದ್ರಲ್ಲಿ ಮುಖ ಐತೆ..." ಎಂದು ಕಪ್ಪು ಬಿಳುಪಿನದರ ಮೇಲೆ ಬೆರಳಿಟ್ಟವನು ಅಲ್ಲಿಗೇ ನಿಲ್ಲಿಸಿ, ಭೂತಗನ್ನಡಿಯನ್ನು ಪಂಚೆಯ ತುದಿಯಲ್ಲಿ ಒರೆಸತೊಡಗಿದ.

ನಾಳಿದ್ದು ನೊಣವಿನಕೆರೆಯ ಮನೆಯಲ್ಲಿ ತೀರಿಕೊಂಡ ಗಿರಿಜಾಂಬಿಕಾಳ ಶಿವಗಣಾರಾಧನೆ. ಅಷ್ಟರೊಳಗೆ ಕಟ್ಟು ಹಾಕಿಸಿದ ಫೋಟೊ ಗೋಡೆಗೆ ಬರಬೇಕು. ತಾಯಿ ಗುರುಸಿದ್ದಮ್ಮನಿಗೆ ಅದು ಪೂಜೆಯ ಮಾತು. ತೋಂಟದಾರ್ಯನಿಗೆ ಬೇರೆಯೇ ಚಿಂತೆ. ಮಗಳು ಶಾಂಭವಿಗೆ ಎರಡು ತುಂಬಿಲ್ಲ. ಅವಳಿಗೆ ನೆನಪು ಉಳಿಯುವುದಿಲ್ಲ. ಗೋಡೆಯ ಮೇಲೆ ಯಾವ ಮುಖ ಇರುತ್ತದೋ ಅದೇ ಅವಳ ಅವ್ವ.

ಮದುವೆಯ ಫೋಟೊ ಇರಲಿಲ್ಲವೇ ಎಂದರೆ, ಇತ್ತು. ಅದರಲ್ಲಿ ಬಾಸಿಂಗ, ಹೂವಿನ ಜಲ್ಲಿ, ಅವುಗಳ ಹಿಂದೆ ಬಗ್ಗಿಸಿದ ತಲೆ. ಆಮೇಲೆ ಅವಳ ಒಂದು ಫೋಟೊವೂ ತೆಗೆದಿರಲಿಲ್ಲ. ಮನೆಯಲ್ಲಿ ಕ್ಯಾಮೆರಾ ಇಲ್ಲದ ಕಾರಣಕ್ಕಲ್ಲ, ಇದ್ದ ಕಾರಣಕ್ಕೆ.

ತೋಂಟದಾರ್ಯ ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಬಂದು, ಅಪ್ಪ ಬಿಟ್ಟುಹೋದ ತೆಂಗಿನ ತೋಟ ನೋಡಿಕೊಂಡಿದ್ದವನು. ಮಾತು ಕಡಿಮೆ. ಮದ್ರಾಸಿನ ಬರ್ಮಾ ಬಜಾರಿನಿಂದ ಗೆಳೆಯನೊಬ್ಬನ ಕೈಲಿ ಜಪಾನಿನ ದೊಡ್ಡ ಕ್ಯಾಮೆರಾ ತರಿಸಿದ್ದ. ಲೆನ್ಸ್ ಬಿಚ್ಚಿ ಬೇರೆ ಹಾಕಬಹುದು, ಬೆಳಕು ಅಳೆಯುವ ಮುಳ್ಳು ಒಳಗೇ ಇದೆ. ಅದನ್ನು ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುವುದು ಕಂಡು ಗಿರಿಜಾಂಬಿಕಾ, "ದೇವ್ರ ಮನೇಲೇ ಇಟ್ಬುಡ್ರೀ, ಒಂದು ಹೂವ ನಾನೇ ಏರಿಸ್ತೀನಿ," ಎನ್ನುತ್ತಿದ್ದಳು.

ಅವಳ ತಮ್ಮ ಬೆಟ್ಟಸ್ವಾಮಿ ಒಮ್ಮೆ ಶೆಟ್ಟಿಕೆರೆಯಿಂದ ಬಂದಾಗ ಅವನ ಅಂಗಿಯ ಜೇಬಿನಲ್ಲೂ ಒಂದು ಕ್ಯಾಮೆರಾ ಇತ್ತು. ದುಬೈಗೆ ಹೋಗಿದ್ದ ಸ್ನೇಹಿತ ತಂದುಕೊಟ್ಟದ್ದು. ಸೋಪಿನ ಡಬ್ಬಿಯಂತೆ ಚಪ್ಪಟೆ. ತಿರುಗಿಸುವುದಿಲ್ಲ, ಅಳೆಯುವುದಿಲ್ಲ, ಒತ್ತಿದರೆ ಆಯಿತು.

"ಭಾವ, ನಿಮ್ದು ತೂಕಕ್ಕೆ ಹಾಕಿದ್ರೆ ಒಳ್ಳೆ ರೇಟು ಬತ್ತೈತೆ," ಎಂದ ಬೆಟ್ಟಸ್ವಾಮಿ. "ಫೋಟೊ ನಂದರಲ್ಲೂ ಬೀಳ್ತೈತೆ."

"ಬೀಳ್ತೈತೆ. ಎದ್ದೇಳಲ್ಲ," ಎಂದ ತೋಂಟದಾರ್ಯ.

ಪಂಥವಾಯಿತು. ಇಬ್ಬರೂ ಬಾವಿಯ ಕಟ್ಟೆಯ ಮೇಲೆ ನಿಂತು ಒಂದೇ ಹೊತ್ತಿನಲ್ಲಿ ಅದೇ ತೋಟವನ್ನು ತೆಗೆದರು. ರೀಲು ತೊಳೆಸಿ ತಂದ ಮೇಲೆ ಜಗುಲಿಯಲ್ಲಿ ಪಕ್ಕಪಕ್ಕ ಇಟ್ಟರು. ಬೆಟ್ಟಸ್ವಾಮಿಯದರಲ್ಲಿ ಮರಗಳು ನೀರಿಗೆ ಬಿದ್ದ ಶಾಯಿಯಂತೆ ಒಂದರೊಳಗೊಂದು ಕಲಸಿಹೋಗಿದ್ದವು. ತೋಂಟದಾರ್ಯ ಭೂತಗನ್ನಡಿ ತಂದು ತನ್ನದರ ಮೇಲೆ ಹಿಡಿದ. "ನೋಡು. ಕೊನೇ ಸಾಲಿನ ಮರದ ಗರೀನೂ ಎಣಿಸ್ಬೋದು."

ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಿಂತಿದ್ದ ಗಿರಿಜಾಂಬಿಕಾ ನಕ್ಕಳು. "ಗರಿ ಎಣಿಸೋಕೆ ತೋಟಕ್ಕೇ ಹೋಗ್ಬೋದಲ್ರೀ. ನಂದೊಂದು ಹೊಡೀರಿ."

ಅವನೂ ಒಲ್ಲೆ ಎಂದವನಲ್ಲ. ಮರದ ಕೆಳಗೆ ನಿಲ್ಲಿಸಿದ. ಗರಿಯ ನೆರಳು ಮುಖದ ಮೇಲೆ ಬರೆ ಎಳೆದಂತೆ ಬಿದ್ದಿತ್ತು. ಅಂಗಳಕ್ಕೆ ಕರೆದ, ಬಿಸಿಲಿಗೆ ಕಣ್ಣು ಕಿರಿದಾಯಿತು. ಪಡಸಾಲೆಯಲ್ಲಿ ಕೂರಿಸಿದ, ಮಗು ಸೆರಗು ಎಳೆಯಿತು, ಇವಳು ಆ ಕಡೆ ತಿರುಗಿದಳು, ಅಲ್ಲಾಡಿದಳು, ಏನೋ ನೆನೆದು ನಕ್ಕಳು. "ಒಂದು ಗಳಿಗೆ ಅಲ್ಲಾಡ್ದೆ ಕೂತ್ಕೊಳೋಕೆ ಏನು ಕಷ್ಟ ನಿಂಗೆ?" ಎಂದು ಕ್ಯಾಮೆರಾ ಕೆಳಗಿಳಿಸಿದ. ಇನ್ನೊಂದು ದಿನ, ಒಳ್ಳೆಯ ಬೆಳಕಿನಲ್ಲಿ, ಎಂದ. ಹಾಗೆಂದೇ ಒಂದು ವರ್ಷ ಕಳೆಯಿತು.

ಆ ಮೇಲೆ ಜ್ವರ ಬಂತು. ತಿಪಟೂರಿಗೆ ಕರೆದುಕೊಂಡು ಹೋಗಿ, ತುಮಕೂರಿನ ಆಸ್ಪತ್ರೆಗೆ ಬರೆಸಿಕೊಂಡು, ಹೋಗುವ ದಾರಿಯಲ್ಲೇ ತಿರುಗಿ ಬಂದರು.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗಿರಿಜಾಂಬಿಕಾಳನ್ನೂ ಪಡಸಾಲೆಯ ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ ಕೂರಿಸಿದರು. ಹಣೆಗೆ ವಿಭೂತಿ, ಮುಡಿಗೆ ಹೂವು, ಅಂಗೈಯಲ್ಲಿ ಲಿಂಗ. ಯಾರೋ ಸ್ಟುಡಿಯೋದವರನ್ನು ಕರೆಸಬೇಕೆಂದರು. ಗುರುಸಿದ್ದಮ್ಮ ಅಳುತ್ತಲೇ, "ಅಷ್ಟು ದೊಡ್ಡ ಕ್ಯಾಮೆರಾ ಮನೇಲೇ ಇಟ್ಕೊಂಡು ಇನ್ಯಾರನ್ನ ಕರೆಸ್ತೀಯಪ್ಪಾ. ಅವಳೂ ಕೇಳ್ತಿದ್ಲು. ಹೊಡಿಯಪ್ಪಾ," ಎಂದರು.

ಅವನು ಬಟ್ಟೆ ಬಿಚ್ಚಿ ಕ್ಯಾಮೆರಾ ತೆಗೆದ. ಕಣ್ಣಿಗೆ ಹಿಡಿದ. ತೊಟ್ಟಿಯ ತೆರೆದ ಮಾಡಿನಿಂದ ಇಳಿದ ಬೆಳಗಿನ ಬೆಳಕು ಮೆತ್ತಗಿತ್ತು. ಮುಖದ ಒಂದು ಮಗ್ಗುಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ, ಎಷ್ಟು ಬೇಕೋ ಅಷ್ಟು. ಮುಳ್ಳು ಸರಿಯಾದ ಜಾಗದಲ್ಲಿ ನಿಂತಿತು. ಬೆಳಕು ಚೆನ್ನಾಗಿದೆ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದು ಗೊತ್ತಾಗುವ ಹೊತ್ತಿಗೆ ಬೆರಳು ಒತ್ತಿಯಾಗಿತ್ತು. ಅವಳು ಅಲ್ಲಾಡಲಿಲ್ಲ.

ಅದೇ ಈ ಕಪ್ಪು ಬಿಳುಪಿನ ಫೋಟೊ. ರೆಪ್ಪೆಯ ಒಂದೊಂದು ಕೂದಲೂ ಬೇರೆಬೇರೆ ಕಾಣುತ್ತಿತ್ತು. ಮುಚ್ಚಿದ ರೆಪ್ಪೆ.

ಬಣ್ಣದ್ದು ಆಮೇಲೆ ಬಂತು. ಮಣ್ಣಾದ ಮೂರನೆಯ ದಿನ ಬೆಟ್ಟಸ್ವಾಮಿ, ತನ್ನ ಡಬ್ಬಿಯೊಳಗಿನ ರೀಲಿನಲ್ಲಿ ಅಕ್ಕನದೊಂದು ಇರಬೇಕು ಎಂದ. ಹಿಂದಿನ ತಿಂಗಳು ಅಟ್ಟದಿಂದ ಕಾಯಿ ಇಳಿಸುವಾಗ ಸುಮ್ಮನೆ ಒತ್ತಿದ್ದನಂತೆ. ಅದನ್ನು ಬೆಂಗಳೂರಿಗೇ ಒಯ್ದು ತೊಳೆಸಿ ತಂದ. ಅಲ್ಲಿಯವರೆಗೆ ತೋಂಟದಾರ್ಯ ಊಟದ ಮುಂದೆ ಕೂತು ಏಳುತ್ತಿದ್ದ, ಅಷ್ಟೆ.

ಇದ್ದಳು. ಅಟ್ಟದಲ್ಲಿ ವರ್ಷ ಒಣಗಿದ ಕಾಯಿಯನ್ನು ಎರಡೂ ಕೈಲಿ ಹಿಡಿದು, ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಿದ್ದಳು. ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಗುಡುಗುಡು ಎನ್ನುತ್ತದೆ. ಎಲ್ಲ ಮನೆಯ ಹೆಂಗಸರೂ ಹಾಗೇ ನೋಡುವುದು. ಇವಳು ಕಾಯಿಯ ಜೊತೆಗೆ ತಲೆಯನ್ನೂ ಅಲ್ಲಾಡಿಸುತ್ತಿದ್ದಳು. ನಗುತ್ತಿದ್ದಳು, ಅದು ಹೆಗಲಿನಲ್ಲಿ, ಕೊರಳು ವಾಲಿದ ಬಗೆಯಲ್ಲಿ ತಿಳಿಯುತ್ತಿತ್ತು. ಮುಖ ಇರಬೇಕಾದ ಕಡೆ ಹುಣಸೆಬೀಜದಷ್ಟು ಅಗಲಕ್ಕೆ ಕಂದು ಬಣ್ಣ ಸವರಿದಂತಿತ್ತು.

ತೋಂಟದಾರ್ಯ ಅದನ್ನು ಹಲಗೆಗೆ ಅಂಟಿಸಿ, ತನ್ನ ದೊಡ್ಡ ಕ್ಯಾಮೆರಾದಲ್ಲಿ ಹತ್ತಿರದಿಂದ ತೆಗೆದ. ಶ್ರೀರಂಗಯ್ಯ ದೊಡ್ಡದಾಗಿ ಮುದ್ರಿಸಿಕೊಟ್ಟ. ಆ ಕ್ಯಾಮೆರಾ ಏನನ್ನೂ ಬಿಡಲಿಲ್ಲ. ಕಾಗದದ ಒರಟು, ಬಣ್ಣದ ಕಾಳು, ಬೆಟ್ಟಸ್ವಾಮಿಯ ಹೆಬ್ಬೆರಳಿನ ಗುರುತು ಎಲ್ಲ ಬಂದಿದ್ದವು. ಮಸುಕು ಅಚ್ಚುಕಟ್ಟಾಗಿ ಬಂದಿತ್ತು. ಅವಳು ಮಾತ್ರ ಇನ್ನೂ ಹಿಂದಕ್ಕೆ ಸರಿದಿದ್ದಳು.

ಈಗ ಸ್ಟುಡಿಯೋದಲ್ಲಿ ಉಳಿದದ್ದು ಒಂದೇ ದಾರಿ.

"ಕಣ್ಣು ಬಿಡಿಸ್ಬೋದು," ಎಂದ ಶ್ರೀರಂಗಯ್ಯ ಮೆಲ್ಲಗೆ. "ಇದು ಸ್ಪಷ್ಟವಾಗೈತೆ. ರೆಪ್ಪೆ ಮೇಲೆ ಕುಂಚದಲ್ಲಿ ಬಿಡಿಸಿ, ಹೊಳಪಿಗೊಂದು ಬಿಳಿ ಚುಕ್ಕೆ ಇಟ್ರೆ ಎದ್ದು ಕೂತಂಗೆ ಇರ್ತಾರೆ. ನಿಮ್ಮೋರು ಎಲ್ರೂ ಹಂಗೇ ಮಾಡಿಸ್ತಾರೆ. ಹೆಂಗೂ ಕೂರ್ಸಿರ್ತೀರಲ್ಲ, ಗೊತ್ತಾಗಲ್ಲ."

ತೋಂಟದಾರ್ಯ ಆಗಲಿ ಎಂದು ತಲೆಯಾಡಿಸಿದ.

ಶ್ರೀರಂಗಯ್ಯ ಪೆನ್ಸಿಲು ಚೂಪು ಮಾಡಿಕೊಂಡ. "ಹೇಳಿ, ಹೆಂಗಿತ್ತು ಕಣ್ಣು?"

"ಅಂದ್ರೆ?"

"ಅಗಲವೋ, ಉದ್ದಕ್ಕೋ? ಗುಡ್ಡೆ ಪೂರಾ ಕಪ್ಪೋ, ಸ್ವಲ್ಪ ಜೇನಿನ ಬಣ್ಣವೋ? ಮೇಲಿನ ಮಡಿಕೆ ಕಾಣ್ತಿತ್ತಾ?"

ತೋಂಟದಾರ್ಯ ಬಾಯಿ ತೆರೆದ. ಕಣ್ಣ ಮುಂದೆ ತೋಟದ ಕೊನೆಯ ಸಾಲು ಬಂತು, ಅದರ ಗರಿಗಳು ಬಂದವು. ಅವಳ ಹಣೆ ಬಂತು, ಅದರ ಮೇಲೆ ಬಿದ್ದ ನೆರಳಿನ ಗೆರೆಗಳು ಬಂದವು. ಬಿಸಿಲಿಗೆ ಕಿರಿದಾದ ಎರಡು ಸಂದುಗಳು ಬಂದವು. ಅವುಗಳ ಒಳಗೆ ಏನಿತ್ತೋ ಅದು ಬರಲಿಲ್ಲ. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು, ಅವಳ ಮೇಲೆ ಬೀಳುವ ಬೆಳಕನ್ನೇ ನೋಡಿದ್ದ.

ಹೊರಗೆ ಕೊಬ್ಬರಿ ಮಂಡಿಗೆ ಹೋಗುವ ಗಾಡಿಗಳು ಸಾಲಾಗಿ ಹೋದವು. ಆಮೇಲೆ ಶ್ರೀರಂಗಯ್ಯನೇ ನಾಚಿದವನಂತೆ ಪೆನ್ಸಿಲು ಕೆಳಗಿಟ್ಟ.

"ಹೋಗ್ಲಿ ಬುಡಿ. ಎಲ್ರಿಗೂ ಹಾಕೋ ಥರಾನೇ ಹಾಕ್ತೀನಿ. ಲಕ್ಷಣವಾಗಿರ್ತೈತೆ."

ಲಕ್ಷಣವಾಗಿಯೇ ಇತ್ತು. ಆರಾಧನೆಗೆ ಬಂದವರೆಲ್ಲ ಗೋಡೆಯ ಮುಂದೆ ನಿಂತು, ಎದ್ದು ಬರೋ ಹಾಗಿದ್ದಾಳೆ ಎಂದರು. ಗುರುಸಿದ್ದಮ್ಮ ಸೆರಗು ಬಾಯಿಗೆ ಹಿಡಿದು, "ಅದಕ್ಕೇ ಕಣಪ್ಪ ದೊಡ್ಡ ಕ್ಯಾಮೆರಾ ಅನ್ನೋದು. ಸೊಸೇನ ಉಳಿಸಿಕೊಟ್ಟೆ," ಎಂದರು. ಬೆಟ್ಟಸ್ವಾಮಿ ಮಾತ್ರ ಒಂದು ಸಲ ನೋಡಿದವನು ಹೊರಗೆ ಜಗುಲಿಗೆ ಹೋಗಿ ಕೂತ. ತೋಂಟದಾರ್ಯ ಪಕ್ಕದಲ್ಲಿ ಬಂದು ಕೂತಾಗ, "ಗೆದ್ರಿ ಬುಡಿ ಭಾವ," ಎಂದ. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಶಾಂಭವಿಗೆ ಆವರೆಗೆ ಒಂದು ರೂಢಿ ಇತ್ತು. ಅವ್ವ ಎಲ್ಲಿ ಎಂದು ಯಾರಾದರೂ ಕೇಳಿದರೆ ಎರಡೂ ಮುಷ್ಟಿ ಜೋಡಿಸಿ ಕಿವಿಯ ಹತ್ತಿರ ಹಿಡಿದು, ತಲೆಸಮೇತ ಅಲ್ಲಾಡಿಸುತ್ತಿದ್ದಳು. ಅದೇನೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಬಣ್ಣದ ಫೋಟೊ ನೋಡಿದ ಮೇಲೆ ತೋಂಟದಾರ್ಯನಿಗೆ ತಿಳಿದಿತ್ತು. ಅವನು ಯಾರಿಗೂ ಹೇಳಿರಲಿಲ್ಲ.

ಗುರುಸಿದ್ದಮ್ಮ ದಿನಾ ಸಂಜೆ ದೀಪ ಹಚ್ಚಿ ಮೊಮ್ಮಗಳನ್ನು ಗೋಡೆಯ ಮುಂದೆ ನಿಲ್ಲಿಸಿದರು. "ಅವ್ವ ಎಲ್ಲಿ? ಹಂಗಲ್ಲ ಕಣೇ, ಅಲ್ನೋಡು, ಅಲ್ಲಿ. ಕೈ ಮುಗಿ." ಮಗು ಬೇಗ ಕಲಿತುಕೊಂಡಿತು.

ಮುಂದಿನ ಸುಗ್ಗಿಗೆ ಅಟ್ಟದ ಕಾಯಿ ಇಳಿಸಿದರು, ಗಿರಿಜಾಂಬಿಕಾ ಏರಿಸಿಟ್ಟಿದ್ದವು. ತೋಂಟದಾರ್ಯ ಅವುಗಳಲ್ಲೊಂದನ್ನು ತೆಗೆದುಕೊಂಡು, ಜೇಬಿನಿಂದ ಆ ಚಿಕ್ಕ ಫೋಟೊ ಹೊರತೆಗೆದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ.

"ಇದ್ಯಾರು ಹೇಳು ಪುಟ್ಟಿ?"

ಶಾಂಭವಿ ಫೋಟೊ ಹಿಡಿದು ತಿರುಗಿಸಿ ನೋಡಿದಳು. ಬೆನ್ನಿನ ಬಿಳಿಯನ್ನೂ ನೋಡಿದಳು. "ಕಾಯಿ," ಎಂದಳು.

"ಕಾಯಿ ಹಿಡ್ಕೊಂಡಿರೋದು ಯಾರು?"

ಅವನು ಕೈಲಿದ್ದ ಕಾಯಿಯನ್ನು ಅವಳ ಕಿವಿಯ ಹತ್ತಿರ ತಂದು ಅಲ್ಲಾಡಿಸಿದ. ಒಳಗೆ ಗುಡುಗುಡು ಎಂದಿತು. ಅವಳು ಬೆಚ್ಚಿ ಕತ್ತು ಒಳಗೆಳೆದುಕೊಂಡಳು. ಅವನು ತನ್ನ ಕಿವಿಗೆ ಹಿಡಿದು, ತಲೆಯನ್ನೂ ಅಲ್ಲಾಡಿಸಿ ತೋರಿಸಿದ; ಆಳುಗಳು ನೋಡುತ್ತಿದ್ದರೂ ಮತ್ತೆ ತೋರಿಸಿದ.

"ಅವ್ವ ಎಲ್ಲಿ ಪುಟ್ಟಿ? ಅವ್ವ?"

ಈ ಪ್ರಶ್ನೆ ಅವಳಿಗೆ ಗೊತ್ತಿತ್ತು. ತೊಡೆಯಿಂದ ಜಾರಿ ಇಳಿದಳು. ಪಡಸಾಲೆಗೆ ಓಡಿ, ಗೋಡೆಯ ಮುಂದೆ ನೆಟ್ಟಗೆ ನಿಂತು, ಒಂದಿಷ್ಟೂ ಅಲ್ಲಾಡದೆ, ಶ್ರೀರಂಗಯ್ಯ ಬರೆದ ಕಣ್ಣುಗಳಿಗೆ ಕೈ ಮುಗಿದಳು.