ಲಾಡಿ ಕಟ್ಟಿದ ಕಪ್ಪೆಗಳು

ಅಪ್ಪ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದ: "ಗುಲ್ಬರ್ಗಾದಾಗ ದೊಡ್ಡ ಮಂದಿ ಮುಂದ ನಿನ್ನ ಕಪ್ಪಿ ಲೆಕ್ಕ ಓದಿದ್ರ ಎಂಎಸ್ಸಿ ಮಾಡು. ಇಲ್ಲಾಂದ್ರ ಮುದಗಲ್ ಸಂಬಂಧಕ್ಕ ಹೂಂ ಅನ್ನಬೇಕು. ಮತ್ತ ತಕರಾರು ತೆಗಿಬಾರದು ನೋಡು, ಅಮರಮ್ಮ."

೧೯೮೮ರ ಮಾತು. ನಾನು ದಿನಾ ಮಸ್ಕಿಯಿಂದ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೆ. ಭತ್ತಕ್ಕೆ ಹೊಡೆಯುವ ಕೀಟನಾಶಕ ಕಪ್ಪೆಗಳನ್ನೂ ಕೊಲ್ಲುತ್ತದೆಯೇ, ನನ್ನ ಜೊತೆ ಯಾರು ನೋಡುತ್ತೀರಿ ಎಂದು ಪ್ರಾಣಿಶಾಸ್ತ್ರದ ವೆಂಕೋಬ ಸರ್ ಕೇಳಿದಾಗ ಹುಡುಗರೆಲ್ಲ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು, ಕೈ ಎತ್ತಿದೆ. ಫಲಿತಾಂಶ ಚೆನ್ನಾಗಿ ಬಂದರೆ ಗುಲ್ಬರ್ಗಾದ ವಿಜ್ಞಾನ ಸಮ್ಮೇಳನದಲ್ಲಿ ಓದೋಣ ಎಂದರು ಸರ್. ಆಮೇಲೆ ಆ ಕೆಲಸದ ಹುಚ್ಚೇ ಹಿಡಿಯಿತು.

ಮುಕ್ಕುಂದದಲ್ಲಿ ನಮ್ಮ ಸೋದರತ್ತೆ ಆದಮ್ಮತ್ತಿಯ ಎರಡು ಗದ್ದೆಗಳಿದ್ದವು. ಒಂದಕ್ಕೆ ಎಣ್ಣೆ ಹೊಡೆಯುವುದು, ಇನ್ನೊಂದನ್ನು ಹಾಗೇ ಬಿಡುವುದು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಅನ್ನುತ್ತಾರೆ. ಎರಡರಲ್ಲೂ ಕಪ್ಪೆ ಹಿಡಿದು, ಸೊಂಟಕ್ಕೆ ದಾರ ಕಟ್ಟಿ ಬಿಡಬೇಕು, ಎಣ್ಣೆ ಹೊಡೆದ ಮೇಲೆ ದಾರದವು ಎಷ್ಟು ಸಿಗುತ್ತವೆ ನೋಡಬೇಕು. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಕಪ್ಪೆಗೆ ದಾರ ಕಟ್ಟಿ ನೋಡಬೇಕಿತ್ತು! ಕೆಸರಿನಲ್ಲೂ ಕಾಣುವ ಬಣ್ಣ ಇರಲಿ ಎಂದರು ಸರ್. ಮನೆಯಲ್ಲಿ ಆಗಷ್ಟೇ ಮುಗಿದ ಮೊಹರಮ್ಮಿನ ಲಾಡಿ ಉಳಿದಿತ್ತು. ಹರಕೆ ಹೊತ್ತವರು ಕೊರಳಿಗೆ ಹಾಕಿಕೊಳ್ಳುವ ಕೆಂಪು ದಾರ ಅದು. ಗಟ್ಟಿ ದಾರ, ಅದನ್ನೇ ಕಟ್ಟಿದೆ. ಅತ್ತಿ ಕೇಳಿದಾಗ "ಕಾಲೇಜಿನ ಕೆಲಸ" ಎಂದಷ್ಟೇ ಹೇಳಿದೆ.

ಎಣ್ಣೆ ಹೊಡೆದ ವಾರಕ್ಕೆ ಸರ್ ಜೊತೆ ಹೋಗಿ ಹುಡುಕಿದೆ. ಬಿಟ್ಟ ಗದ್ದೆಯಲ್ಲಿ ದಾರದ ಕಪ್ಪೆಗಳು ಕುಪ್ಪಳಿಸುತ್ತಿದ್ದವು. ಹೊಡೆದ ಗದ್ದೆಯಲ್ಲಿ ಒಂದೂ ಇಲ್ಲ. ಸರ್ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಬದುವಿನ ಮೇಲೆ ನಿಂತು, "ಗುಲ್ಬರ್ಗಾಕ್ಕ ಹೊಂಟೀವಿ ನೋಡಮ್ಮ!" ಎಂದರು. ಕಪ್ಪೆಗಳು ಸತ್ತದ್ದಕ್ಕೆ ನನಗೆ ಅಷ್ಟು ಖುಷಿಯಾಗಬಾರದಿತ್ತು. ಆಯಿತು.

ಲೇಖನ ಕಳಿಸುವುದಕ್ಕೆ ಎರಡು ದಿನ ಮುಂಚೆ ಆದಮ್ಮತ್ತಿಗೆ ಹೇಳಿಬರಲು ಹೋದೆ. ಅವಳು ರೊಟ್ಟಿ ಬಡಿಯುತ್ತ, "ನಿನ್ನ ಕೆಲಸ ಚಲೋ ಆತೇನಬೇ?" ಎಂದಳು.

"ಆತ್ ಅತ್ತಿ. ಎಣ್ಣಿ ಹೊಡ್ದ ಗದ್ದ್ಯಾಗ ಎಲ್ಲಾ ಸತ್ತಾವು."

ಅವಳ ಕೈ ನಿಂತಿತು. "ಹುಚ್ಚಿ, ಯಾಕ ಸಾಯ್ತಾವ? ಲಾಡಿ ಹಾಕಿದ ಜೀವಕ್ಕ ಎಣ್ಣಿ ಹೊಡಿತಾರೇನು? ಕೂಲಿಯವ್ರನ್ನ ಕರ್ಕೊಂಡು ಮೊದಲಾ ಹಿಡಿದು ಬುಟ್ಟ್ಯಾಗ ಹಾಕಿ ಕಾಲುವಿಗೆ ಬಿಟ್ಟೀನಿ. ಅವ್ರಾಗ ದಾವಲ್‌ಬೀ ಅಂತೂ ಒಂದೊಂದಕ್ಕೂ ಕೈ ಮುಗದಾಳ. ಒಂದೂ ಸಾಯಾಕ ಬಿಟ್ಟಿಲ್ಲ." ಆಮೇಲೆ ಮೆಲ್ಲಗೆ ಕೇಳಿದಳು, "ಏನು ಬೇಡ್ಕೊಂಡಿದ್ದಿ?"

"ಓದಬೇಕಂತ."

"ಹಂಗಾರ ಆಗ್ತದ ಬಿಡು," ಎಂದು ಬಿಸಿ ರೊಟ್ಟಿ ಹಾಕಿದಳು. ತಿಂದೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಮಾತು ಮಾತಿಗೂ ಸಿಡಿಯುವ ನನಗೆ ಅಂದು ಸಿಟ್ಟೂ ಇಲ್ಲ, ಅಳುವೂ ಇಲ್ಲ.

ಮರುದಿನ ಸರ್‌ಗೆ ಹೇಳಿದೆ. ಟೈಪು ಮಾಡಿಸಿದ ಹಾಳೆಗಳು ಮೇಜಿನ ಮೇಲಿದ್ದವು. ಮೇಲೆ ಅವರ ಹೆಸರು, ಪಕ್ಕದಲ್ಲಿ ನನ್ನದು. ಸರ್ ಹಾಳೆಗಳನ್ನು ಎತ್ತಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

"ಹೇಳಿದ್ದು ಚಲೋ ಆತಮ್ಮ. ಸುಳ್ಳು ಓದೋದು ಬ್ಯಾಡ," ಎಂದು ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದರು. ಆಮೇಲೆ ಮುಖ ಅರಳಿಸಿಕೊಂಡು, "ತಪ್ಪು ಎಲ್ಲದ ಅಂತ ಗೊತ್ತಾತಲ್ಲ, ಅದ ದೊಡ್ಡದು. ಮುಂದಿನ ಬೆಳಿಗೆ ಬ್ಯಾರೆ ದಾರ ತಗೊಂಡು ಮೊದಲಿಂದ ಮಾಡೋಣ. ನೀ ಇರ್ತೀಯಲ್ಲ?"

"ಹ್ಞೂಂರಿ ಸರ್," ಎಂದೆ. ಮುಂದಿನ ಬೆಳೆಯ ಹೊತ್ತಿಗೆ ನಾನು ಮುದಗಲ್ಲಿನಲ್ಲಿರುತ್ತೇನೆಂದು ಅವರಿಗೆ ಹೇಳಲಿಲ್ಲ.