ಅಣ್ಣನ ಆನೆ, ತಮ್ಮನ ನವಿಲು

ಬೆಳ್ಳಟ್ಟಿಯ ಜೈಬುನ್ನೀಸಾ ಬೆಟಗೇರಿಯ ಅಂಗಡಿಗೆ ಬಂದವರೇ ಮೊಬೈಲ್ ಮುಂದೆ ಹಿಡಿದರು. ಮಗಳ ಮದುವೆಗೆ ಇದೇ ಅಂಗಡಿಯ ವೆಬ್‌ಸೈಟಿನಿಂದ ಸೀರೆ ತರಿಸಿಕೊಂಡಿದ್ದರು. ಚಾದರವೂ ಬೇಕೆಂದು ಅದರಲ್ಲೇ ಒತ್ತಿದರೆ ಬೇರೆಯದೇ ಏನೋ ತೆರೆದುಕೊಂಡಿತ್ತು.

"ಇದೂ ನಿಮ್ಮದ ಏನ್ರಿ?"

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ವಿಠೋಬಾ ಕನ್ನಡಕ ಏರಿಸಿ ನೋಡಿದರು. ಹಸಿರು ಬಣ್ಣ, ನವಿಲಿನ ಗುರುತು, ಹೆಸರೂ ಬೇರೆ. "ನಮ್ಮದಲ್ರಿ. ನಮ್ಮದು ಆನಿ ಗುರ್ತು. ಇವರ‍್ಯಾರೋ ಖೊಟ್ಟಿ ಮಂದಿ, ನಂಬಬ್ಯಾಡ್ರಿ."

ಒಳಗೆ ಸೀರೆಗಳ ಫೋಟೊ ತೆಗೆಯುತ್ತಿದ್ದ ಮಗಳು ಮೇಘಾ ಓಡಿ ಬರುವಷ್ಟರಲ್ಲಿ ಜೈಬುನ್ನೀಸಾ ಬಸ್ಸಿಗೆ ಹೊರಟುಹೋಗಿದ್ದರು. ಅದು ಅಪ್ಪನ ಸ್ವಂತ ತಮ್ಮ, ಲಕ್ಷ್ಮೇಶ್ವರದಲ್ಲಿ ಚಾದರದ ಅಂಗಡಿ ನಡೆಸುವ ಪ್ರಭುಲಿಂಗ ಕಾಕಾನ ವೆಬ್‌ಸೈಟು. ಕಂಪನಿ ಒಂದೇ, ವೆಬ್‌ಸೈಟನ್ನು ಮಾತ್ರ ಅಣ್ಣ ಒಬ್ಬರ ಹತ್ತಿರ, ತಮ್ಮ ಇನ್ನೊಬ್ಬರ ಹತ್ತಿರ ಮಾಡಿಸಿದ್ದರು. ಚಾದರಕ್ಕೆ ಒತ್ತಿದರೆ ತಮ್ಮನದು ತೆರೆಯುತ್ತಿತ್ತು, ಆದರೆ ವಿಠೋಬಾ ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಖಬರು ಸಂಜೆಯೊಳಗೆ ಲಕ್ಷ್ಮೇಶ್ವರ ಮುಟ್ಟಿತು. "ಅಣ್ಣ ನನ್ನ ಖೊಟ್ಟಿ ಅಂದನಂತಲ್ಲವಾ," ಎಂದರು ಕಾಕಾ ಫೋನಿನಲ್ಲಿ. ಎರಡನ್ನೂ ಒಂದೇ ತರ ಮಾಡೋಣವೆಂದು ಅವಳು ವರ್ಷದಿಂದ ಹೇಳುತ್ತಿದ್ದಳು. ಇಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ರವಿವಾರ ಕಾಡಿ ಬೇಡಿ ಕಾಕಾನನ್ನು ಮನೆಗೆ ಕರೆಸಿದಳು. ಅಣ್ಣತಮ್ಮಂದಿರು ಮುಖ ತಿರುವಿ ಕೂತರು. ಒಬ್ಬರ ವೆಬ್‌ಸೈಟು ತೆರೆದು ಇನ್ನೊಬ್ಬರ ಕೈಗೆ ಕೊಟ್ಟಳು.

"ಅಪ್ಪಾ, ಇದರಾಗ ದೊಡ್ಡ ಚಾದರ ಹುಡುಕು. ಕಾಕಾ, ಮಾಲು ವಾಪಸ್ ಕೊಡೂದು ಹೆಂಗಂತ ನೀ ನೋಡು."

ವಿಠೋಬಾ ಮೇಲೆ ತಡಕಾಡಿದರು. ಪಟ್ಟಿ ಇದ್ದದ್ದು ಕೆಳಗೆ. ಕಾಕಾ ಕೆಳಗೆ ಜಾಲಾಡಿದರು; ಅದು ಮೇಲಿನ ಮೂಲೆಯಲ್ಲಿತ್ತು. ಚಹಾ ಆರಿಹೋಯಿತು.

"ಯಾವ ಪುಣ್ಯಾತ್ಮ ಮಾಡ್ಯಾನಲೇ ಇದನ್ನ?"

"ನಿಂದೇನ ಭಾಳ ಛಲೋ ಐತೆನಣ್ಣಾ?"

ಇಬ್ಬರೂ ನಕ್ಕುಬಿಟ್ಟರು.

ಆದರೆ ಗುರುತು ಯಾವುದಿರಲಿ ಎಂದು ಮೇಘಾ ಕೇಳಿದ ಕೂಡಲೇ ನಗು ನಿಂತಿತು. ಆನೆ ಅಜ್ಜನ ಕಾಲದ್ದು. ನವಿಲನ್ನು ಕಾಕಾನ ಹೆಂಡತಿ ಬನಶಂಕರಿ ಕೈಯಾರೆ ಬರೆದಿದ್ದಳು.

"ನವಿಲ ಇರ್ಲಿ," ಎಂದರು ವಿಠೋಬಾ ಕೊನೆಗೆ. "ತಮ್ಮನ ಗುರ್ತ ಸಿಗದಂಗ ಮಾಡಿದ ಆನಿ ತಗೊಂಡು ಏನ ಮಾಡ್ಲಿ?"

ಕಾಕಾ ತಲೆ ತಗ್ಗಿಸಿದರು. "ಹಂಗಾರ ಹೆಸರು ನಿಂದ ಇರ್ಲಿ ಅಣ್ಣಾ."

ಹದಿನೈದು ದಿನ ಮೇಘಾ ಕೂತು ಮಾಡಿದಳು. ಎರಡಕ್ಕೂ ತಲೆಯ ಮೇಲೆ ಅದೇ ಹೆಸರು, ಅದೇ ನವಿಲು. ಸೀರೆ, ಚಾದರ, ವಾಪಸಾತಿ, ವಿಳಾಸ ಎಲ್ಲ ಒಂದೇ ಜಾಗದಲ್ಲಿ, ಒಂದೇ ಸಾಲಿನಲ್ಲಿ. ಮೊದಲು ಕಳಿಸಿದ್ದು ಜೈಬುನ್ನೀಸಾ ಅವರಿಗೆ. ಮರುದಿನವೇ ಎಂಟು ಚಾದರಕ್ಕೆ ಆರ್ಡರ್ ಬಂತು. ಇದು ಯಾರದೆಂದು ಈ ಸಲ ಅವರು ಯಾರನ್ನೂ ಕೇಳಿರಲಿಲ್ಲ.

ಗಂಟು ಕೊರಿಯರ್‌ಗೆ ಕೊಡಲು ವಿಠೋಬಾ ಬಿಡಲಿಲ್ಲ. ಲಕ್ಷ್ಮೇಶ್ವರಕ್ಕೆ ಹೋಗಿ, ತಮ್ಮನ ಬೈಕಿನ ಹಿಂದೆ ಗಂಟು ಹಿಡಿದು ಕೂತು, ಬೆಳ್ಳಟ್ಟಿಗೆ ತಾವೇ ಮುಟ್ಟಿಸಿದರು.

"ಅವತ್ತ ತಪ್ಪು ಹೇಳಿದ್ನಿರಿ," ಎಂದರು ಬಾಗಿಲಲ್ಲೇ ನಿಂತು. "ಇಂವಾ ನನ್ನ ತಮ್ಮ."

"ಒಳಗ ಬರ್ರಿ, ಇಬ್ಬರೂ ಕುಂಡ್ರಿ," ಎಂದು ಜೈಬುನ್ನೀಸಾ ಮದುವೆಯ ಕಾರ್ಡು ತರಲು ಒಳಗೆ ಹೋದರು.